ಮಗಳ ಓದಿಗೆ ಹೊಲ ಯಾಕ ಅಡಾ ಇಡ್ತೀರಿ?

ತಿರ್ಲಾಪುರದಿಂದ ನವಲಗುಂದಕ್ಕೆ ಹೊರಟ ಬೆಳಗಿನ ಬಸ್ಸು. ನಿಲ್ಲಲೂ ಜಾಗವಿಲ್ಲ. ಪಕ್ಕದ ಸೀಟಿನಲ್ಲಿ ಕುಳಿತಿದ್ದ ಹಿರಿಯರು ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ ಇಟ್ಟುಕೊಂಡು, ಅದರ ಬಾಯಿಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದರು.

"ಏನ್ರೀ ಯಜಮಾನ್ರ, ರೊಕ್ಕ ಐತೇನು ಚೀಲದಾಗ?" ಎಂದು ಚೇಷ್ಟೆ ಮಾಡಿದರೆ ಅವರು ನಗಲಿಲ್ಲ.

"ರೊಕ್ಕ ಎಲ್ಲಿ ಬಂತ್ರೀ. ಹೊಲದ ಉತಾರ ಐತಿ. ಮಗಳಿಗೆ ಸಿಇಟಿ ಒಳಗ ಹುಬ್ಬಳ್ಳಿಯಾಗ ಇಂಜಿನಿಯರಿಂಗ್ ಸೀಟು ಸಿಕ್ಕೈತಿ. ಫೀ ತುಂಬಬೇಕು. ಎರಡು ಎಕರೆ ಎರಿ ಹೊಲ ಅಡಾ ಇಡಾಕ ಹೊಂಟೇನಿ. ನೂರಕ್ಕ ಮೂರರಂಗ ಕೊಡ್ತಾರಂತ."

ನೂರಕ್ಕೆ ಮೂರು! ಅದೂ ತಿಂಗಳಿಗೆ. ಅಂದರೆ ವರ್ಷಕ್ಕೆ ನೂರಕ್ಕೆ ಮೂವತ್ತಾರು.

"ಬ್ಯಾಂಕಿಗೆ ಹೋಗಿದ್ರೇನು?"

"ಹೋಗಿದ್ನಿರಿ. ಹ್ವಾದ ಕೂಡ್ಲೆ ಆಸ್ತಿ ಏನೈತಿ ಅಂತ ಕೇಳಿದ್ರು. ಹೆಂಗೂ ಹೊಲಾನ ಇಡಬೇಕಂದ್ರ ಗುರ್ತಿನ ಸಾವಕಾರರ ಹತ್ರನ ಇಟ್ಟರಾತು ಅಂತ ಬಂದೆ."

ಓದುಗರೇ, ಇಲ್ಲಿಯೇ ಇದೆ ಎಡವಟ್ಟು. ಇವರ ಮಗಳು ಓದಲು ಸಾಲ ಪಡೆಯಬಹುದು. ಆ ಸಾಲಕ್ಕೆ ಹೊಲ ಬೇಕಾಗಿಯೇ ಇಲ್ಲ. ಅದನ್ನು ಅವರಿಗೆ ತಿಳಿಸಿ ಹೇಳಿದವರು ಯಾರೂ ಇಲ್ಲ.

ಹೊಲ ಬೇಡ, ಜಾಮೀನು ಬೇಡ

ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆ ಜಾರಿಗೆ ಬಂದದ್ದು 2001ರಲ್ಲಿ. ಅದರಲ್ಲಿ 4 ಲಕ್ಷ ರೂಪಾಯಿಯವರೆಗಿನ ಸಾಲಕ್ಕೆ ಅಡವೂ ಇಲ್ಲ, ಕೈಯಿಂದ ಹಾಕಬೇಕಾದ ಪಾಲೂ ಇಲ್ಲ. ವಿದ್ಯಾರ್ಥಿಯ ಜೊತೆ ತಂದೆಯೋ ತಾಯಿಯೋ ಜಂಟಿಯಾಗಿ ರುಜು ಹಾಕಬೇಕು, ಅಷ್ಟೆ. 2015ರಲ್ಲಿ ಕೇಂದ್ರ ಸರಕಾರ ಖಾತರಿ ನಿಧಿಯೊಂದನ್ನು ತೆರೆಯಿತು. 7.5 ಲಕ್ಷದವರೆಗಿನ ಸಾಲಕ್ಕೆ ಬ್ಯಾಂಕಿನ ಮುಂದೆ ಆ ನಿಧಿಯೇ ಜಾಮೀನು ನಿಲ್ಲುತ್ತದೆ. ಅದರಡಿ ಕೊಟ್ಟ ಸಾಲಕ್ಕೆ ಹೊಲ, ಮನೆ, ಮೂರನೆಯವರ ಜಾಮೀನು ಯಾವುದನ್ನೂ ಕೇಳುವಂತಿಲ್ಲ.

"ನಿಮ್ಮ ಊರು ನಮ್ಮ ಶಾಖೆಗೆ ಬರೂದಿಲ್ಲ" ಎಂಬ ಉತ್ತರವೂ ಕೆಲವರಿಗೆ ಸಿಗುತ್ತದೆ. ಆ ಕಾರಣಕ್ಕೆ ಶಿಕ್ಷಣ ಸಾಲ ನಿರಾಕರಿಸಬಾರದೆಂದು ರಿಸರ್ವ್ ಬ್ಯಾಂಕೇ ಬ್ಯಾಂಕುಗಳಿಗೆ ತಿಳಿಸಿದೆ. ಹಾಗೆ ಹೇಳಿದರೆ "ಬರದು ಕೊಡ್ರಿ ಸಾಹೇಬ್ರ" ಎಂದು ಕೇಳಿ. ಬಾಯಿಮಾತಿನ "ಇಲ್ಲ"ಕ್ಕೂ ಕಾಗದದ "ಇಲ್ಲ"ಕ್ಕೂ ಬಹಳ ಅಂತರವಿದೆ.

ಮೂರು ಸಾಲ, ಒಂದು ಲೆಕ್ಕ

ಅಂಗಡಿಕಾರರಿಗೆ ಬಡ್ಡಿ ಲೆಕ್ಕ ಬಿಡಿಸಿ ಹೇಳಬೇಕಿಲ್ಲ. ಆದರೂ ಒಮ್ಮೆ ನೋಡೋಣ. ನಾಲ್ಕು ವರ್ಷದ ಓದು, ವರ್ಷದ ಆರಂಭಕ್ಕೆ 1 ಲಕ್ಷದಂತೆ ಒಟ್ಟು 4 ಲಕ್ಷ. ಓದು ಮುಗಿದ ಮೇಲೆ ಒಂದು ವರ್ಷ ಕೆಲಸ ಹುಡುಕುವ ಅವಧಿ. ಮೊದಲ ಲಕ್ಷಕ್ಕೆ 5 ವರ್ಷ, ಎರಡನೆಯದಕ್ಕೆ 4, ಮೂರನೆಯದಕ್ಕೆ 3, ನಾಲ್ಕನೆಯದಕ್ಕೆ 2 ವರ್ಷ ಬಡ್ಡಿ ಓಡುತ್ತದೆ.

ನೂರಕ್ಕೆ ಮೂರರ ಸಾವಕಾರನಲ್ಲಿ ಬರೀ ಸರಳ ಬಡ್ಡಿಯೇ 5 ಲಕ್ಷ 4 ಸಾವಿರ. ಅಸಲಿಗಿಂತ ಬಡ್ಡಿಯೇ ದೊಡ್ಡದು!

ಬ್ಯಾಂಕಿನ ದರ ವರ್ಷಕ್ಕೆ ಶೇ. 10 ಎಂದು ಹಿಡಿದರೆ ಅದೇ ಬಡ್ಡಿ 1 ಲಕ್ಷ 40 ಸಾವಿರ.

ಇನ್ನು ಮೂರನೆಯದು. ಮನೆಯ ಆದಾಯ ವರ್ಷಕ್ಕೆ 4.5 ಲಕ್ಷದೊಳಗಿದ್ದು, ಓದು ತಾಂತ್ರಿಕ ಅಥವಾ ವೃತ್ತಿಪರವಾಗಿದ್ದರೆ, ಈ 1 ಲಕ್ಷ 40 ಸಾವಿರವನ್ನು ಕೇಂದ್ರ ಸರಕಾರವೇ ತುಂಬುತ್ತದೆ. ಈ ಬಡ್ಡಿ ಸಹಾಯಧನ 2009-10ರಿಂದ ಇದೆ. ಆದರೆ ಷರತ್ತುಗಳಿವೆ. ಕಾಲೇಜಿಗೆ ನ್ಯಾಕ್ ಮಾನ್ಯತೆ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇರಬೇಕು. ಪದವಿಗೋ ಸ್ನಾತಕೋತ್ತರಕ್ಕೋ ಒಂದೇ ಸಲ ಸಿಗುತ್ತದೆ. ಓದು ನಡುವೆ ಬಿಟ್ಟರೆ ಸಹಾಯಧನವೂ ಹೋಗುತ್ತದೆ. ಆದ್ದರಿಂದ ಸೀಟು ಆರಿಸುವ ಮೊದಲೇ ಕಾಲೇಜಿನ ಮಾನ್ಯತೆ ವಿಚಾರಿಸಬೇಕು. ಫೀ ತುಂಬಿದ ಮೇಲೆ ವಿಚಾರಿಸಿ ಫಲವಿಲ್ಲ.

2024ರ ನವೆಂಬರಿನಲ್ಲಿ ಒಪ್ಪಿಗೆ ಪಡೆದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಇನ್ನೊಂದು. ಆಯ್ದ ಉನ್ನತ ಸಂಸ್ಥೆಗಳಲ್ಲಿ ಅರ್ಹತೆಯ ಮೇಲೆ ಸೀಟು ಪಡೆದವರಿಗೆ ಇದು. ಆದಾಯ 8 ಲಕ್ಷದವರೆಗಿದ್ದರೆ, 10 ಲಕ್ಷದವರೆಗಿನ ಸಾಲಕ್ಕೆ, ಓದಿನ ಅವಧಿಯ ಬಡ್ಡಿಯಲ್ಲಿ ಶೇ. 3ರಷ್ಟು ರಿಯಾಯಿತಿ.

ರಾಜ್ಯದ್ದೂ ಒಂದಿದೆ. ಹಿಂದುಳಿದ ವರ್ಗಗಳ ಮಕ್ಕಳಿಗೆ ದೇವರಾಜ ಅರಸು ನಿಗಮ, ಅಲ್ಪಸಂಖ್ಯಾತರ ಮಕ್ಕಳಿಗೆ ಅವರ ನಿಗಮ "ಅರಿವು" ಸಾಲ ಕೊಡುತ್ತವೆ. ಅರಸು ನಿಗಮದ್ದು ಸಿಇಟಿ ಮೂಲಕ ಸೀಟು ಸಿಕ್ಕವರಿಗೆ ವರ್ಷಕ್ಕೆ 1 ಲಕ್ಷದವರೆಗೆ, ಬಡ್ಡಿ ಬರೀ ಶೇ. 2. ಆದಾಯದ ಮಿತಿ ಇದೆ, ಅರ್ಜಿಗೆ ಕೊನೆಯ ದಿನವೂ ಇದೆ. ದಿನ ಕಳೆದ ಮೇಲೆ ಧಾರವಾಡಕ್ಕೆ ಎಷ್ಟು ಸಲ ಬಸ್ಸು ಹತ್ತಿದರೂ ಚಾರ್ಜು ದಂಡ.

ನಮಗೇನು ಇದು ಹೊಸತಲ್ಲ

ಓದಿಗೆ ಹಣ ಹೊಂದಿಸುವ ಮಾತು ನಮ್ಮ ತಾಲೂಕಿಗೆ ಹಳೆಯದು. ನವಲಗುಂದ-ಸಿರಸಂಗಿಯ ದೇಸಾಯಿ ಲಿಂಗರಾಜರು 1906ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ತಮ್ಮ ಆಸ್ತಿಯನ್ನೇ ಮಕ್ಕಳ ವಿದ್ಯೆಗೆಂದು ಬರೆದಿಟ್ಟಿದ್ದರು. ಈ ಎರಿ ನೆಲದ ಹುಟ್ಟುವಳಿಯಿಂದ ಎಷ್ಟೋ ಮನೆಯ ಹುಡುಗರು ಓದಿ ಮುಂದೆ ಬಂದರು. ಸರಕಾರದ ಸಾಲವೂ ಹಳೆಯದೇ. 1963ರಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ಸಾಲ ವಿದ್ಯಾರ್ಥಿವೇತನ ಆರಂಭಿಸಿತ್ತು. ಅದಕ್ಕೆ ಬಡ್ಡಿಯೇ ಇರಲಿಲ್ಲ. ಈಗ ಅದು ಇಲ್ಲ, ಬ್ಯಾಂಕೇ ದಾರಿ.

ನಮ್ಮ ಕಡೆಯ ಗ್ರಾಮೀಣ ಬ್ಯಾಂಕೂ ಹೆಸರು ಬದಲಿಸುತ್ತ ಬಂದಿದೆ. ಮಲಪ್ರಭಾ ಹೋಗಿ 2005ರಲ್ಲಿ ಕರ್ನಾಟಕ ವಿಕಾಸ ಆಯಿತು, 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಆಯಿತು. ಬೋರ್ಡು ಬದಲಾದರೂ ಅಪ್ಪನ ಖಾತೆ ಅಲ್ಲಿಯೇ ಇದೆ. ಮೊದಲು ಅಲ್ಲಿಯೇ ಕೇಳಬಹುದು.

ತೀರಿಸುವ ಮಾತು

ಇಷ್ಟು ಹೇಳಿ, ಸಾಲ ಅಂದರೆ ಸಕ್ಕರೆ ಎಂದು ಯಾರೂ ತಿಳಿಯಬಾರದು. ಸಹಾಯಧನ ಸಿಕ್ಕರೂ ಅದು ಬಡ್ಡಿಗೆ ಮಾತ್ರ, ಅಸಲಿಗಲ್ಲ. ಓದು ಮುಗಿದು ವರ್ಷ ತುಂಬಿದ ಮೇಲೆ ಕಂತು ಆರಂಭವಾಗುತ್ತದೆ. 4 ಲಕ್ಷವನ್ನು ಶೇ. 10ರಂತೆ 10 ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 5,300 ರೂಪಾಯಿ ಬೇಕು. ಸಹಾಯಧನವಿಲ್ಲದೆ ಸಾಲ 5.4 ಲಕ್ಷಕ್ಕೆ ಬೆಳೆದಿದ್ದರೆ ಸುಮಾರು 7,100.

ನೌಕರಿ ಸಿಕ್ಕರೂ ಸಿಗದಿದ್ದರೂ ಕಂತಿನ ದಿನ ಬಂದೇ ಬರುತ್ತದೆ. ನೀರಿನ ಲಾಭ ಹೊಲಕ್ಕೆ ಮುಟ್ಟುವ ಮೊದಲೇ ಅಭಿವೃದ್ಧಿ ಕರ ಕೇಳಿದಾಗ 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಏನಾಯಿತೆಂದು ಈ ಭಾಗದ ಹಿರಿಯರಿಗೆ ಹೇಳಬೇಕಿಲ್ಲ. ಗಳಿಕೆಗಿಂತ ಮೊದಲು ವಸೂಲಿ ಬಂದರೆ ಹೇಗಿರುತ್ತದೆ ಎಂಬುದನ್ನು ಅವರು ಬಲ್ಲರು. ಆದರೆ ಇದು ಬೀದಿಗಿಳಿದು ತೀರುವ ಬಾಕಿಯಲ್ಲ. ಬ್ಯಾಂಕಿನ ಪತ್ರ ಬಂದರೆ ಜಂತಿಗೆ ಸಿಗಿಸಿ ಸುಮ್ಮನಿರಬೇಡಿ. ಕೆಲಸ ಸಿಕ್ಕಿಲ್ಲವೆಂದು ಮೊದಲೇ ಬರೆದು ತಿಳಿಸಿ, ಕಂತು ಇಳಿಸಿ ಅವಧಿ ಹೆಚ್ಚಿಸಲು ಕೇಳಿ. ತೀರಿಸಲು 15 ವರ್ಷದವರೆಗೂ ಅವಕಾಶವಿದೆ. ಸುಮ್ಮನಿದ್ದರೆ ಸಿಬಿಲ್ ದಾಖಲೆಯಲ್ಲಿ ಮಗಳ ಹೆಸರೂ ಕೆಡುತ್ತದೆ, ರುಜು ಹಾಕಿದ ಅಪ್ಪನ ಹೆಸರೂ ಕೆಡುತ್ತದೆ. ನಾಳೆ ಅಂಗಡಿಗೋ ಮನೆಗೋ ಸಾಲ ಕೇಳಲು ಹೋದಾಗ ಅದೇ ಅಡ್ಡ ಬರುತ್ತದೆ.

ಓದುವಾಗಲೇ ಬಡ್ಡಿಯನ್ನಷ್ಟೇ ತಿಂಗಳು ತಿಂಗಳು ತುಂಬುವ ಶಕ್ತಿ ಇದ್ದವರು ತುಂಬುವುದು ಒಳ್ಳೆಯದು. ಹಾಗೆ ತುಂಬಿದವರಿಗೆ ಬ್ಯಾಂಕುಗಳು ದರದಲ್ಲಿ ಶೇ. 1ರವರೆಗೆ ಬಿಡುವುದೂ ಉಂಟು.

ಬಸ್ಸು ಇಳಿದ ಮೇಲೆ

ನವಲಗುಂದ ಬಂತು. ಹಿರಿಯರು ಚೀಲ ಬಗಲಿಗೆ ಏರಿಸಿ, "ಅಲ್ರೀ, ಹಂಗಾರ ಏನೇನು ಕಾಗದ ಬೇಕಾಗ್ತಾವು?" ಎಂದರು. ಸಿಇಟಿ ಸೀಟಿನ ಪತ್ರ, ಕಾಲೇಜಿನ ಫೀ ವಿವರ, ಅಂಕಪಟ್ಟಿ, ಆಧಾರ್, ತಹಶೀಲ್ದಾರ ಕಚೇರಿಯ ಆದಾಯ ಪ್ರಮಾಣಪತ್ರ. ಅರ್ಜಿಯನ್ನು ವಿದ್ಯಾಲಕ್ಷ್ಮಿ ಜಾಲತಾಣದಲ್ಲಿ ಹಾಕಬೇಕು. ಕಂಪ್ಯೂಟರ್ ಅಂಗಡಿಯವರು ಹಾಕಿಕೊಡುತ್ತಾರೆ.

"ಉತಾರ ಬ್ಯಾಡೇನ್ರೀ?"

"ಬ್ಯಾಡ್ರೀ. ಅದನ್ನ ಮನಿಯಾಗ ಇಡ್ರಿ."

ಅವರು ಸಾವಕಾರರ ಓಣಿಯ ಕಡೆ ಒಮ್ಮೆ ನೋಡಿ, ತಹಶೀಲ್ದಾರ ಕಚೇರಿಯ ದಾರಿ ಹಿಡಿದರು.

ಬಸ್ಸಿನಲ್ಲಿ ಅಕಸ್ಮಾತ್ ಪಕ್ಕದ ಸೀಟು ಸಿಕ್ಕಿತೆಂದು ಒಬ್ಬರ ಎರಡು ಎಕರೆ ಉಳಿದೀತು. ಉಳಿದವರ ಗತಿ? ಸಿಇಟಿ ಫಲಿತಾಂಶದ ದಿನಗಳಲ್ಲಿ ಪ್ರತಿ ಬ್ಯಾಂಕಿನ ಬಾಗಿಲಲ್ಲಿ, ಪ್ರತಿ ಪಂಚಾಯಿತಿ ಕಟ್ಟೆಯಲ್ಲಿ "ಓದಿನ ಸಾಲಕ್ಕೆ ಹೊಲ ಬೇಡ" ಎಂದು ಅಚ್ಚ ಕನ್ನಡದಲ್ಲಿ ಒಂದು ಬೋರ್ಡು ತೂಗುಹಾಕಲು ಎಷ್ಟು ಖರ್ಚಾದೀತು? ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?