ಸಾಂಕಸ್ ಒಲೆರೇಸಿಯಸ್: ಹಳದಿ ಹೂವಿನ ಒಂದು ಕಳೆಗಿಡದ ಗುರುತು

ನಮ್ಮ ವಿಭಾಗದ ಒಣಸಸ್ಯ ಸಂಗ್ರಹದಲ್ಲಿ ಸಾಂಕಸ್ ಕುಲಕ್ಕೆ ಸೇರಿದ ಹಾಳೆಗಳ ನಡುವೆ ಎರಡು ಚೀಟಿಗಳನ್ನು ಹೊತ್ತ ಹಾಳೆಯೊಂದಿದೆ. ಮೊದಲನೆಯ ಚೀಟಿಯ ಮೇಲೆ ‘ಸಾಂಕಸ್ ಆಸ್ಪರ್’ ಎಂದು ಬರೆದವರು ನಾವೇ. ವಿಭಾಗದ ತೋಟದಲ್ಲಿ ಗೊಬ್ಬರದ ಗುಂಡಿಯ ಆಚೆ, ಕಲ್ಲು ಮಿಶ್ರಿತ ಒಣನೆಲದಲ್ಲಿ ಬೆಳೆದಿದ್ದ ಗಿಡವದು. ಅದರ ಬೀಜಗಳಿಂದ ಸಸಿಗಳನ್ನು ಎಬ್ಬಿಸಿ, ಬೇರಿನ ತುದಿಯ ಜೀವಕಣಗಳಲ್ಲಿ ವರ್ಣತಂತುಗಳನ್ನು ಎಣಿಸುವ ಪಾಠವನ್ನು ವಿದ್ಯಾರ್ಥಿಗಳಿಗೆ ಕೊಟ್ಟಿದ್ದೆವು. ಆಸ್ಪರ್ ಪ್ರಭೇದದಲ್ಲಿ ವರ್ಣತಂತುಗಳ ಸಂಖ್ಯೆ 18. ವಿದ್ಯಾರ್ಥಿಗಳಿಗೆ ಮಾತ್ರ ಮತ್ತೆ ಮತ್ತೆ ಮೂವತ್ತರ ಆಸುಪಾಸಿನ ಎಣಿಕೆ ಬರುತ್ತಿತ್ತು. ಎರಡು ಜೀವಕಣಗಳು ಒಂದರ ಮೇಲೊಂದು ಬಿದ್ದಿರಬೇಕು, ಬಣ್ಣ ಸರಿಯಾಗಿ ಹಿಡಿದಿಲ್ಲ, ಗಾಜನ್ನು ಒತ್ತಿದ್ದು ಸಾಲದು ಎಂಬುದಾಗಿ ನಾವು ಒಂದೊಂದು ಸಲ ಒಂದೊಂದು ಕಾರಣವನ್ನು ಹೇಳಿ, ಮೂರು ವಾರಗಳ ಕಾಲ ಅದೇ ಕೆಲಸವನ್ನು ಪುನಃ ಮಾಡಿಸಿದೆವು. ಕೊನೆಗೆ ಒಬ್ಬ ವಿದ್ಯಾರ್ಥಿನಿ, ಬಹಳ ಸಂಕೋಚದಿಂದ, ಚೀಟಿಯನ್ನೇ ಒಮ್ಮೆ ಪರೀಕ್ಷಿಸಬಹುದೇ ಎಂದು ಕೇಳಿದಳು. ಅವಳ ಎಣಿಕೆ ಸರಿಯಾಗಿದ್ದಿತು. ಗಿಡ ಆಸ್ಪರ್ ಆಗಿರಲಿಲ್ಲ, ಒಲೆರೇಸಿಯಸ್ ಆಗಿದ್ದಿತು. ಈ ಪ್ರಭೇದದ ವರ್ಣತಂತುಗಳು 32.

ತಪ್ಪು ಹೇಗೆ ಸಂಭವಿಸಿತೆಂಬುದನ್ನು ವಿವರಿಸಿದರೆ ಗಿಡದ ಗುರುತನ್ನು ಹೇಳಿದಂತೆಯೂ ಆಗುವುದೆಂದು ಈ ಲೇಖನವನ್ನು ಬರೆದಿದ್ದೇವೆ.

ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂವು, ಹುಚ್ಚೆಳ್ಳು ಇವೆಲ್ಲ ಸೇರಿರುವ ಕುಟುಂಬಕ್ಕೆ ಕಂಪೋಸಿಟೆ ಎಂದೂ ಆಸ್ಟರೇಸಿ ಎಂದೂ ಎರಡು ಹೆಸರುಗಳುಂಟು; ನಾಮಕರಣದ ನಿಯಮಗಳು ಎರಡನ್ನೂ ಒಪ್ಪುತ್ತವೆ. ಇದರಲ್ಲಿ ನಾವು ಒಂದು ಹೂವೆಂದು ಕರೆಯುವುದು ವಾಸ್ತವವಾಗಿ ಅನೇಕ ಕಿರುಹೂಗಳ ಗುಂಪು. ಹುಚ್ಚೆಳ್ಳಿನ ಹೂವನ್ನು ಬಿಡಿಸಿ ನೋಡಿದರೆ ಅಂಚಿನಲ್ಲಿ ಪಟ್ಟಿಯಂತಹ ಕಿರುಹೂಗಳೂ ನಡುವೆ ಕೊಳವೆಯಂತಹವೂ ಕಾಣುತ್ತವೆ. ಸಾಂಕಸ್‌ನಲ್ಲಿ ಈ ಭೇದವಿಲ್ಲ. ಅಂಚಿನಿಂದ ನಡುವಿನವರೆಗೆ ಎಲ್ಲವೂ ಪಟ್ಟಿಗಳೇ. ಪ್ರತಿಯೊಂದು ಪಟ್ಟಿಯ ತುದಿಯಲ್ಲಿ ಐದು ಸಣ್ಣ ಹಲ್ಲುಗಳಿರುತ್ತವೆ. ಎಲೆಯನ್ನು ಮುರಿದರೆ ಬಿಳಿಯ ಹಾಲು ಒಸರುತ್ತದೆ. ಈ ಎರಡು ಲಕ್ಷಣಗಳು ಒಟ್ಟಿಗಿದ್ದರೆ ಗಿಡವು ಕುಟುಂಬದ ಸಿಕೋರಿಯೆ ಎಂಬ ಪಂಗಡಕ್ಕೆ ಸೇರಿದುದೆಂದು ನಿಶ್ಚಯಿಸಬಹುದು. ಹಾಲನ್ನು ನೋಡದೆ ಎಲೆಯ ರೂಪವನ್ನಷ್ಟೇ ನೋಡಿದವರು ಎಮಿಲಿಯ ಸಾಂಕಿಫೋಲಿಯ ಎಂಬ ಗಿಡವನ್ನು ಸಾಂಕಸ್ ಎಂದು ತರುವುದುಂಟು. ಆ ಗಿಡದ ಹೆಸರಿಗೇ ಸಾಂಕಸ್‌ನಂತಹ ಎಲೆಯುಳ್ಳದ್ದು ಎಂಬ ಅರ್ಥವಿರುವುದರಿಂದ ಅವರನ್ನು ಹೆಚ್ಚು ಆಕ್ಷೇಪಿಸಲಾಗದು. ಆದರೆ ಅದರಲ್ಲಿ ಹಾಲಿಲ್ಲ, ಕಿರುಹೂಗಳು ಕೊಳವೆಗಳು, ಬಣ್ಣವೂ ನೇರಳೆ ಬೆರೆತದ್ದು.

ಹಾಲುಳ್ಳ ಪಂಗಡದೊಳಗೆ ಸಾಂಕಸ್ ಕುಲವನ್ನು ಬೇರ್ಪಡಿಸುವುದು ಕಷ್ಟವಲ್ಲ. ಟರಾಕ್ಸಕಮ್ ಕುಲದಲ್ಲಿ ಎಲೆಗಳೆಲ್ಲ ಬುಡದಲ್ಲಿದ್ದು, ಹೂವಿನ ತೊಟ್ಟು ಎಲೆಯಿಲ್ಲದೆ ನೇರವಾಗಿ ಮೇಲೇಳುತ್ತದೆ. ಯಂಗಿಯ ಜಪಾನಿಕದ ಕಾಂಡ ಸಪೂರ, ಹೂಗುಚ್ಛ ಬಹಳ ಚಿಕ್ಕದು. ಕಾಡು ಲೆಟ್ಯೂಸ್‌ಗಳಲ್ಲಿ ಹಲವಕ್ಕೆ ಬೀಜದ ತುದಿ ಕೊಕ್ಕಿನಂತೆ ನೀಳವಾಗಿದ್ದು ಅದರ ಮೇಲೆ ರೋಮಗಳ ಕುಚ್ಚು ನಿಂತಿರುತ್ತದೆ; ಸಾಂಕಸ್ ಬೀಜಕ್ಕೆ ಕೊಕ್ಕಿಲ್ಲ. ಇದರ ಕಾಂಡ ಟೊಳ್ಳು, ಎಲೆಗಳು ಕಾಂಡದ ಮೇಲೂ ಇರುತ್ತವೆ. ಒಂದೊಂದು ಗುಚ್ಛದಲ್ಲಿ ಕಿರುಹೂಗಳು ಅನೇಕವೇಳೆ ನೂರನ್ನು ಮೀರುತ್ತವೆ. ಹೂವು ಮುಗಿದ ಬಳಿಕ ಗುಚ್ಛವನ್ನು ಸುತ್ತಿದ ಹಸುರು ಹೊದಿಕೆ ಬುಡದಲ್ಲಿ ಉಬ್ಬಿ ಸಣ್ಣ ಕುಡಿಕೆಯ ಆಕಾರವನ್ನು ತಾಳುತ್ತದೆ. ಹೂವು ಬೆಳಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುವುದರಿಂದ, ಊಟ ಮುಗಿಸಿ ಗಿಡಗಳನ್ನು ಸಂಗ್ರಹಿಸಲು ಹೊರಡುವವರಿಗೆ ಅದು ಕಾಣಿಸುವುದು ಅಪರೂಪ. ಲಿನೇಯಸ್ 1751ರಲ್ಲಿ ಹೂಗಳು ಅರಳುವ ಮತ್ತು ಮುಚ್ಚುವ ಹೊತ್ತನ್ನು ಆಧರಿಸಿ ಕಲ್ಪಿಸಿದ ಹೂಗಡಿಯಾರದಲ್ಲಿ ಸಾಂಕಸ್‌ಗೂ ಸ್ಥಾನವಿದ್ದಿತು.

ಕುಲ ತಿಳಿದ ಮೇಲೆ ಬೇರನ್ನು ನೋಡಬೇಕು. ಒಂದು ವರ್ಷದಲ್ಲಿ ಬಾಳು ಮುಗಿಸುವ ಪ್ರಭೇದಗಳಲ್ಲಿ ಒಂದೇ ತಾಯಿಬೇರು ಇದ್ದು ಗಿಡ ಸುಲಭವಾಗಿ ಕಿತ್ತುಬರುತ್ತದೆ. ದಕ್ಷಿಣ ಭಾರತದಲ್ಲಿ ಬೆಳೆಯುವ ಸಾಂಕಸ್ ವೈಟಿಯಾನಸ್ ಬಹುವಾರ್ಷಿಕ. ನೆಲದೊಳಗೆ ಉಳಿದ ಬುಡದಿಂದ ಮತ್ತೆ ಚಿಗುರುತ್ತದೆ. ಮದರಾಸಿನಲ್ಲಿ ಸೇವೆಯಲ್ಲಿದ್ದ ವೈದ್ಯ ಹಾಗೂ ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್ ಅವರ ಹೆಸರನ್ನು ಡಿ ಕಾಂಡೋಲ್ 1838ರಲ್ಲಿ ಇದಕ್ಕಿಟ್ಟರು. ಬ್ರಿಟಿಷ್ ಇಂಡಿಯದ ಸಸ್ಯಸಂಪತ್ತನ್ನು ಕುರಿತ ಹೂಕರ್ ಅವರ ಗ್ರಂಥದಲ್ಲಿ ಈ ಗಿಡವು ಯುರೋಪಿನ ಸಾಂಕಸ್ ಆರ್ವೆನ್ಸಿಸ್ ಎಂಬ ಹೆಸರಿನಡಿ ಸೇರಿಹೋಗಿದೆ. ಆದುದರಿಂದ ಹಳೆಯ ಹಾಳೆಗಳಲ್ಲಿ ಆರ್ವೆನ್ಸಿಸ್ ಎಂದಿದ್ದರೆ ಅದನ್ನು ಹಾಗೆಯೇ ನಂಬದೆ ಗಿಡವನ್ನು ನೋಡಬೇಕಾಗುತ್ತದೆ. ಬೇರಿಲ್ಲದೆ ಕತ್ತರಿಸಿ ತಂದ ಹಾಳೆಗಳಾದರೆ ಕಷ್ಟ ಇನ್ನೂ ಹೆಚ್ಚು.

ಇನ್ನುಳಿದವು ಒಲೆರೇಸಿಯಸ್ ಮತ್ತು ಆಸ್ಪರ್ ಎಂಬ ಎರಡು ವಾರ್ಷಿಕ ಪ್ರಭೇದಗಳು. ನಮ್ಮನ್ನು ದಾರಿ ತಪ್ಪಿಸಿದವು ಇವೇ. ಮಾದರಿಯೆನ್ನಬಹುದಾದ ಗಿಡಗಳನ್ನು ಅಕ್ಕಪಕ್ಕದಲ್ಲಿಟ್ಟರೆ ಹೊಸಬರೂ ಇವುಗಳ ಭೇದವನ್ನು ಹೇಳಿಯಾರು. ಒಲೆರೇಸಿಯಸ್‌ನ ಎಲೆ ಮೃದು, ಹೊಳಪಿಲ್ಲದ್ದು. ಪಕ್ಕಗಳಲ್ಲಿ ಆಳವಾಗಿ ಸೀಳಿ, ತುದಿಯ ಭಾಗವು ದೊಡ್ಡ ತ್ರಿಕೋನದಂತಿರುತ್ತದೆ. ಆಸ್ಪರ್‌ನ ಎಲೆ ಗಡುಸು, ಹೊಳೆಯುವಂಥದು. ಅಂಚಿನ ಹಲ್ಲುಗಳು ಮುಳ್ಳಿನಂತೆ ಚುಚ್ಚುತ್ತವೆ. ಎರಡರಲ್ಲಿಯೂ ಮೇಲಿನ ಎಲೆಗಳಿಗೆ ತೊಟ್ಟಿಲ್ಲ. ಎಲೆಯ ಬುಡವು ಎರಡು ಕಿವಿಗಳಾಗಿ ಕಾಂಡವನ್ನು ತಬ್ಬಿಕೊಂಡಿರುತ್ತದೆ. ಒಲೆರೇಸಿಯಸ್‌ನ ಕಿವಿ ಚೂಪಾಗಿ ಹೊರಚಾಚಿರುತ್ತದೆ. ಆಸ್ಪರ್‌ನದು ದುಂಡಗೆ, ಟಗರಿನ ಕೊಂಬಿನಂತೆ ಸುರುಳಿಗೊಂಡು ಕಾಂಡಕ್ಕೆ ಒತ್ತಿಕೊಂಡಿರುತ್ತದೆ.

ಆದರೆ ಎಲ್ಲ ಗಿಡಗಳೂ ಮಾದರಿಯಂತೆ ಬೆಳೆಯುವುದಿಲ್ಲ. ಒಲೆರೇಸಿಯಸ್‌ನ ಎಲೆ ಸ್ವಲ್ಪವೂ ಸೀಳದೆ ಇಡಿಯಾಗಿರುವುದೂ, ಬಹುವಾಗಿ ಸೀಳಿರುವುದೂ ಉಂಟು. ಗೊಬ್ಬರ ನೀರು ಕಂಡ ತೋಟದಲ್ಲಿ ಸೊಂಟದೆತ್ತರಕ್ಕೆ ಬೆಳೆಯುವ ಗಿಡವೇ ಕಲ್ಲುನೆಲದಲ್ಲಿ ಗೇಣುದ್ದಕ್ಕೆ ನಿಂತು, ಅದರ ಸಣ್ಣ ಎಲೆಗಳ ಹಲ್ಲುಗಳು ಕೈಗೆ ಒರಟಾಗಿ ತಾಗುತ್ತವೆ. ನಾವು ಸಂಗ್ರಹಿಸಿದ ಗಿಡ ಇಂತಹುದೇ. ಅದರ ಎಲೆಗಳು ಬಿಸಿಲಿಗೆ ಬಾಡಿ ಮುದುಡಿದ್ದವು. ಕಾಗದದ ನಡುವೆ ಒತ್ತಿದಾಗ ಕಿವಿಗಳು ಮಡಿಸಿಕೊಂಡು ದುಂಡಗೆ ತೋರಿದವು. ಮುಳ್ಳನ್ನೂ ದುಂಡು ಕಿವಿಯನ್ನೂ ಕಂಡು, ಮುಂದೆ ನೋಡುವ ಅಗತ್ಯವಿಲ್ಲವೆಂದು ನಾವು ಹೆಸರು ಬರೆದುಬಿಟ್ಟೆವು. ಹೊದಿಕೆಯ ಮೇಲಿನ ಗ್ರಂಥಿರೋಮಗಳನ್ನು ಕೆಲವರು ಆಧಾರವಾಗಿ ಹಿಡಿಯುವುದುಂಟು. ಅವು ಎರಡು ಪ್ರಭೇದಗಳಲ್ಲಿಯೂ ಇರಬಹುದು, ಇಲ್ಲದೆಯೂ ಇರಬಹುದು. ನಮ್ಮ ಅಭಿಪ್ರಾಯದಲ್ಲಿ ಅವುಗಳಿಂದ ಪ್ರಯೋಜನವಿಲ್ಲ.

ನಿರ್ಣಯವನ್ನು ಕೊಡುವುದು ಫಲ. ಸಾಮಾನ್ಯವಾಗಿ ಬೀಜವೆಂದು ಕರೆಯುವ, ಮೂರು ಮಿಲಿಮೀಟರಿನಷ್ಟು ಉದ್ದದ ಈ ಒಣಫಲವನ್ನು ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರದ ಕೆಳಗೆ ಹಿಡಿದರೆ ಸಾಕು. ಒಲೆರೇಸಿಯಸ್‌ನಲ್ಲಿ ಅದು ಕಿರಿದು, ಕಂದು ಬಣ್ಣದ್ದು. ಉದ್ದಕ್ಕೆ ಹರಿದ ಏಣುಗಳ ನಡುವೆ ಅಡ್ಡಡ್ಡವಾಗಿ ಸುಕ್ಕುಗಳಿದ್ದು ಮೈಯೆಲ್ಲ ಒರಟಾಗಿ ಕಾಣುತ್ತದೆ. ಆಸ್ಪರ್‌ನಲ್ಲಿ ಫಲವು ಹೆಚ್ಚು ಚಪ್ಪಟೆ, ಅಂಚು ತೆಳುವಾದ ರೆಕ್ಕೆಯಂತಿದೆ. ಪ್ರತಿ ಮುಖದಲ್ಲಿ ಮೂರು ಏಣುಗಳಿದ್ದು ಅವುಗಳ ನಡುವಣ ಮೈ ನುಣುಪು. ಗಿಡ ಎಷ್ಟೇ ಕುಬ್ಜವಾಗಿರಲಿ, ಎಲೆ ಹೇಗೇ ಇರಲಿ, ಬಲಿತ ಫಲದಲ್ಲಿ ಈ ಭೇದ ಅಳಿಯುವುದಿಲ್ಲ. ಎಳೆಯ ಫಲದಲ್ಲಿ ಸುಕ್ಕುಗಳು ಇನ್ನೂ ಮೂಡಿರದ ಕಾರಣ ಕುಚ್ಚು ಹೊರಬಿದ್ದ ಗುಚ್ಛವನ್ನೇ ಆರಿಸಿಕೊಳ್ಳಬೇಕು. ನಮ್ಮ ಹಾಳೆಗೆ ಅಂಟಿಸಿದ್ದ ಸಣ್ಣ ಲಕೋಟೆಯಲ್ಲಿ ಅಂತಹ ಫಲಗಳು ಹದಿನೈದಿಪ್ಪತ್ತು ಇದ್ದವು. ಅವುಗಳನ್ನು ನೋಡಲು ಎರಡು ನಿಮಿಷವೂ ಬೇಕಾಗಿರಲಿಲ್ಲ.

ಈ ಎರಡನ್ನು ಒಂದೇ ಎಂದು ತಿಳಿದವರಲ್ಲಿ ನಾವು ಮೊದಲಿಗರಲ್ಲ. ಲಿನೇಯಸ್ 1753ರಲ್ಲಿ ಆಸ್ಪರ್ ಅನ್ನು ಒಲೆರೇಸಿಯಸ್‌ನ ಒಂದು ಬಗೆಯೆಂದೇ ಎಣಿಸಿದ್ದರು. 1769ರಲ್ಲಿ ಜಾನ್ ಹಿಲ್ ಅದನ್ನು ಸ್ವತಂತ್ರ ಪ್ರಭೇದವನ್ನಾಗಿ ಮಾಡಿದರು. ವರ್ಣತಂತುಗಳ ಎಣಿಕೆಯು ಹಿಲ್ ಅವರ ಪಕ್ಷವನ್ನು ಎತ್ತಿಹಿಡಿದುದಲ್ಲದೆ ಮತ್ತೊಂದು ಕುತೂಹಲಕರ ವಿಷಯವನ್ನು ಮುಂದಿಟ್ಟಿತು. ಮೆಡಿಟರೇನಿಯನ್ ಪ್ರಾಂತದ ಸಾಂಕಸ್ ಟೆನೆರ್ರಿಮಸ್‌ನಲ್ಲಿ ವರ್ಣತಂತುಗಳು 14. ಆಸ್ಪರ್‌ನ 18ಕ್ಕೆ ಇದನ್ನು ಕೂಡಿಸಿದರೆ 32. ಒಲೆರೇಸಿಯಸ್ ಎಂಬುದು ಹಿಂದೆಂದೋ ಈ ಎರಡರ ಸಂಕರದಿಂದ ಹುಟ್ಟಿ, ವರ್ಣತಂತುಗಳು ಇಮ್ಮಡಿಸಿದುದರಿಂದ ಫಲವತ್ತಾಗಿ ನೆಲೆನಿಂತ ಪ್ರಭೇದವೆಂದು ಊಹಿಸಲು ಈ ಲೆಕ್ಕವೇ ಪ್ರೇರಣೆ. ಮಗುವಿನಲ್ಲಿ ತಾಯಿಯ ಚಹರೆ ಕಂಡು ನಾವು ಮೋಸಹೋದೆವೆಂದು ಹೇಳಿಕೊಳ್ಳಬಹುದಾಗಿತ್ತು. ಆದರೆ ಲಕೋಟೆಯನ್ನು ಬಿಚ್ಚದಿದ್ದುದಕ್ಕೆ ಅದು ಸಮಾಧಾನವಾಗಲಾರದು.

ಒಲೆರೇಸಿಯಸ್ ಎಂಬ ಪದಕ್ಕೆ ಅಡಿಗೆಯ ಸೊಪ್ಪಿಗೆ ಸಂಬಂಧಿಸಿದ್ದು ಎಂದರ್ಥ. ಅದಕ್ಕೆ ತಕ್ಕಂತೆ ಎಳೆಯ ಎಲೆಗಳನ್ನು ಮೆಡಿಟರೇನಿಯನ್ ದೇಶಗಳಲ್ಲಿ ತಿನ್ನುವ ರೂಢಿಯಿದೆ. ನ್ಯೂಜಿಲೆಂಡಿನ ಮಾವೊರಿ ಜನರು ಇದನ್ನು ಪೂಹಾ ಎಂದು ಕರೆದು ಬೇಯಿಸಿ ಉಣ್ಣುತ್ತಾರೆ. ಆದರೆ ನಮ್ಮಲ್ಲಿಗೆ ಹೆಸರು ಕೇಳಲು ಬರುವವರು ಅನೇಕವೇಳೆ ಹೂವಿಲ್ಲದ ಎಳೆಯ ಗಿಡವನ್ನೇ ಹಿಡಿದು, ತಿನ್ನಬಹುದೇ ಎಂದು ಕೇಳುತ್ತಾರೆ. ಫಲವಿಲ್ಲದ ಗಿಡಕ್ಕೆ ನಾವು ಪ್ರಭೇದದ ಹೆಸರನ್ನು ಕೊಡುವುದನ್ನು ಈಗ ಬಿಟ್ಟಿದ್ದೇವೆ. ಬೇರುಸಹಿತ ಇಡೀ ಗಿಡ, ಕಾಂಡದ ನಡುಭಾಗದ ಒಂದು ಎಲೆಯನ್ನು ಕಿವಿ ಮಡಿಸದಂತೆ ಬಿಡಿಸಿ ಒತ್ತಿದ್ದು, ಬಲಿತ ಫಲಗಳ ಲಕೋಟೆ ಇಷ್ಟನ್ನು ತರಬೇಕೆಂದು ಕೇಳಿಕೊಳ್ಳುತ್ತೇವೆ. ಹೂವಿನ ಬಣ್ಣವೂ ಹಾಲು ಇದ್ದಿತೇ ಎಂಬುದೂ ಒಣಗಿದ ಮೇಲೆ ತಿಳಿಯದಾದ್ದರಿಂದ ಅವನ್ನು ಸ್ಥಳದಲ್ಲೇ ಬರೆದಿಡತಕ್ಕದ್ದು.

ಮೊದಲು ಹೇಳಿದ ಹಾಳೆಯಿಂದ ಹಳೆಯ ಚೀಟಿಯನ್ನು ಕಿತ್ತಿಲ್ಲ. ಸಸ್ಯಸಂಗ್ರಹಗಳ ಪದ್ಧತಿಯಂತೆ ಅದರ ಬಳಿಯಲ್ಲೇ ಹೊಸ ಚೀಟಿಯನ್ನು ಅಂಟಿಸಿ, ‘ಸಾಂಕಸ್ ಒಲೆರೇಸಿಯಸ್, ಫಲದ ಆಧಾರದಿಂದ, ವರ್ಣತಂತುಗಳು 32’ ಎಂದು ಬರೆದು, ಗುರುತಿಸಿದವರ ಸ್ಥಾನದಲ್ಲಿ ಆ ವಿದ್ಯಾರ್ಥಿನಿಯ ಸಹಿಯನ್ನು ಹಾಕಿಸಿದ್ದೇವೆ.