ನಿಯಂತ್ರಣದ ವಿಜ್ಞಾನ, ಸಂಚಿನ ಶಂಕೆ

ತೆರೆಮರೆಯಲ್ಲಿ ಕುಳಿತ ಕೆಲವರು ಸಮಾಜವನ್ನು ಯಂತ್ರದಂತೆ ನಡೆಸುತ್ತಿದ್ದಾರೆ, ಅವರು ತೋರಿಸಿದ್ದನ್ನೇ ನಾವು ವಾಸ್ತವವೆಂದು ನಂಬಿದ್ದೇವೆ ಎಂಬ ವಾದ ಹಲವು ದೇಶಗಳಲ್ಲಿ ಚಲಾವಣೆಯಲ್ಲಿದೆ. ಇದಕ್ಕೆ ಸಾಕ್ಷಿಯಾಗಿ ಮತ್ತೆ ಮತ್ತೆ ಮುಂದಿಡಲಾಗುವ ಶಾಸ್ತ್ರಗಳಲ್ಲಿ ಸೈಬರ್ನೆಟಿಕ್ಸ್ ಒಂದು. ವಾದವನ್ನು ಹಾಗೆಯೇ ತಳ್ಳಿಹಾಕುವುದು ಸುಲಭ. ಆದರೆ ಅದರಲ್ಲಿ ಚರಿತ್ರೆ ಎಷ್ಟು, ಕಲ್ಪನೆ ಎಷ್ಟು ಎಂದು ಬಿಡಿಸಿ ನೋಡುವುದು ವಿವೇಕಿ ಸಮಾಜದ ಹೊಣೆ.

ಯುದ್ಧಕಾಲದ ಹುಟ್ಟು

ಶತ್ರುವಿಮಾನ ಮುಂದಿನ ಕ್ಷಣ ಎಲ್ಲಿರುತ್ತದೆಂದು ಮೊದಲೇ ಲೆಕ್ಕಹಾಕಿ ಫಿರಂಗಿಗೆ ಗುರಿ ತೋರಿಸುವುದು ಹೇಗೆ? ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಗಣಿತಜ್ಞರೊಬ್ಬರ ಮುಂದಿದ್ದ ಪ್ರಶ್ನೆ ಇದು. ಅವರು ರೂಪಿಸಿದ ಯಂತ್ರ ರಣರಂಗ ತಲುಪಲಿಲ್ಲ. ಅದರ ಹಿಂದಿನ ಚಿಂತನೆ ಮಾತ್ರ 1948ರಲ್ಲಿ ಪುಸ್ತಕವಾಗಿ ಹೊಸ ಶಾಸ್ತ್ರವೊಂದಕ್ಕೆ ಸೈಬರ್ನೆಟಿಕ್ಸ್ ಎಂದು ಹೆಸರಿಟ್ಟಿತು. ಅದರ ತಿರುಳು ಫೀಡ್‌ಬ್ಯಾಕ್. ಇಸ್ತ್ರಿಪೆಟ್ಟಿಗೆ ಕಾದಾಗ ತಾನೇ ಆರಿ, ತಣಿದಾಗ ಮತ್ತೆ ಕಾಯುವಂತೆ, ಫಲಿತಾಂಶವನ್ನು ಗಮನಿಸುತ್ತಲೇ ಮುಂದಿನ ಕ್ರಿಯೆಯನ್ನು ತಿದ್ದಿಕೊಳ್ಳುವ ವ್ಯವಸ್ಥೆ ಅದು. ಈ ತತ್ತ್ವ ಮಿದುಳಿಗೂ ಸಮಾಜಕ್ಕೂ ಹೊಂದುತ್ತದೆಯೇ ಎಂಬ ಚರ್ಚೆ 1946ರಿಂದ 1953ರವರೆಗಿನ ವಿದ್ವತ್ ಸಮಾವೇಶಗಳಲ್ಲಿ ನಡೆಯಿತು. ಸಮಾಜದ ಮಟ್ಟಿಗೆ ಆ ಗಣಿತಜ್ಞರಿಗೇ ನಂಬಿಕೆ ಇರಲಿಲ್ಲ. ಅಳೆಯುವವನೂ ಸಮಾಜದ ಭಾಗವೇ ಆದ್ದರಿಂದ ಅಳತೆಯೇ ವಸ್ತುವನ್ನು ಬದಲಿಸುತ್ತದೆ ಎಂದು ಅವರು ಎಚ್ಚರಿಸಿದ್ದರು.

ಶಂಕೆಯ ಬೇರು

ಹಾಗೆಂದು ಶಂಕೆ ಶೂನ್ಯದಿಂದ ಹುಟ್ಟಿದ್ದಲ್ಲ. 1953ರಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆಯೊಂದು ಮನಸ್ಸನ್ನು ಹಿಡಿತಕ್ಕೆ ತರುವ ರಹಸ್ಯ ಪ್ರಯೋಗಗಳನ್ನು ಆರಂಭಿಸಿತು. ಏನನ್ನೂ ತಿಳಿಯದ ನಾಗರಿಕರಿಗೆ ಭ್ರಮೆ ತರಿಸುವ ಮದ್ದು ಕೊಟ್ಟದ್ದೂ ಉಂಟು. 1973ರಲ್ಲಿ ಬಹುಪಾಲು ಕಡತಗಳನ್ನು ನಾಶಪಡಿಸಲಾಯಿತು. ಎರಡು ವರ್ಷಗಳ ನಂತರ ವಿಚಾರಣೆಯಲ್ಲಿ ಸಂಗತಿ ಬಯಲಾಯಿತು. ಪ್ರಯೋಗಗಳು ವಿಶ್ವಾಸಾರ್ಹ ಮನೋನಿಯಂತ್ರಣವನ್ನೇನೂ ಸಾಧಿಸಲಿಲ್ಲ. ಆದರೆ ನಾಶವಾದ ಕಡತಗಳ ಜಾಗವನ್ನು ಊಹೆ ತುಂಬಿತು.

ಹೇಳಿಕೊಂಡ ಶಕ್ತಿ, ಕಂಡ ಶಕ್ತಿ

ನಿಯಂತ್ರಿಸುವವರ ಸಾಮರ್ಥ್ಯವನ್ನು ಅವರೇ ಹಿಗ್ಗಿಸಿ ಹೇಳಿದ್ದೂ ಇದೆ. ಚಿತ್ರಮಂದಿರದ ಪರದೆಯಲ್ಲಿ ಕಣ್ಣಿಗೆ ನಿಲುಕದ ಸಂದೇಶ ಮಿಂಚಿಸಿ ಪಾನೀಯದ ಮಾರಾಟ ಹೆಚ್ಚಿಸಿದೆನೆಂದು 1957ರಲ್ಲಿ ಸಾರಿದ ಜಾಹೀರಾತು ಸಂಶೋಧಕರೊಬ್ಬರು, 1962ರಲ್ಲಿ ಅದು ಗಿಮಿಕ್ ಎಂದು ಒಪ್ಪಿಕೊಂಡರು. 2012ರ ಜನವರಿಯಲ್ಲಿ ಒಂದು ವಾರ, ದೊಡ್ಡ ಸಾಮಾಜಿಕ ಜಾಲತಾಣವೊಂದು 6,89,003 ಬಳಕೆದಾರರಿಗೆ ಕಾಣುವ ಪೋಸ್ಟ್‌ಗಳ ಭಾವವನ್ನು ಬದಲಿಸಿ ಪರೀಕ್ಷಿಸಿತು. ಅವರ ಬರಹದಲ್ಲಿ ಕಂಡ ಪರಿಣಾಮ ಅತ್ಯಲ್ಪ. ಆದರೂ ಬಳಕೆದಾರರಿಗೆ ತಿಳಿಸದೆ ನಡೆಸಿದ ಈ ಪ್ರಯೋಗ 2014ರಲ್ಲಿ ಪ್ರಕಟವಾದಾಗ ಎದ್ದ ಆಕ್ರೋಶ ನ್ಯಾಯವಾದದ್ದೇ ಆಗಿತ್ತು.

ಚಾಲಕನಿಲ್ಲದ ಸುಳಿ

ಗ್ರಹಿಕೆ ಹೇಗೆ ವಾಸ್ತವವಾಗುತ್ತದೆಂಬುದನ್ನು ಬೆಂಗಳೂರು 2012ರ ಆಗಸ್ಟ್‌ನಲ್ಲಿ ಕಂಡಿದೆ. ದಾಳಿಯ ವದಂತಿ ಮೊಬೈಲ್ ಸಂದೇಶಗಳಲ್ಲಿ ಹರಡಿ, ಈಶಾನ್ಯ ರಾಜ್ಯಗಳ ಸಾವಿರಾರು ಜನ ರೈಲು ಹತ್ತಿದರು. ನಿಲ್ದಾಣದ ಜನಜಂಗುಳಿಯ ದೃಶ್ಯ ಉಳಿದವರ ಭಯಕ್ಕೆ ಪುರಾವೆಯಾಯಿತು. ಆ ಭಯ ಜನಜಂಗುಳಿಯನ್ನು ಇನ್ನಷ್ಟು ಬೆಳೆಸಿತು. ಸುರಕ್ಷಿತವಾಗಿ ಊರು ಸೇರಿಸಲೆಂದು ಓಡಿಸಿದ ವಿಶೇಷ ರೈಲುಗಳೂ ಅಪಾಯ ನಿಜವೆಂಬ ಭಾವನೆಗೆ ಒತ್ತು ಕೊಟ್ಟಿರಬಹುದು. ಸಾಮೂಹಿಕ ಸಂದೇಶಗಳಿಗೆ ಸರ್ಕಾರ ತಾತ್ಕಾಲಿಕ ಮಿತಿ ಹೇರಬೇಕಾಯಿತು. ಕಿಡಿ ಯಾರೇ ಹೊತ್ತಿಸಿರಲಿ, ಅದನ್ನು ಬೆಂಕಿಯಾಗಿಸಿದ್ದು ಇಂಥ ಫೀಡ್‌ಬ್ಯಾಕ್ ಸುಳಿಯೇ.

ತೂಗಿ ನೋಡಿದಾಗ

ಸಂಚಿನ ಕಥನ ಪ್ರತಿ ಅನರ್ಥಕ್ಕೂ ಒಬ್ಬ ಸೂತ್ರಧಾರನನ್ನು ಹುಡುಕುತ್ತದೆ. ಪ್ರಭಾವ ಬೀರುವ ಗುಪ್ತ ಯತ್ನಗಳು ನಡೆದಿವೆ, ನಡೆಯುತ್ತಲೂ ಇರಬಹುದು. ಇಡೀ ಸಮಾಜವನ್ನು ಇಚ್ಛೆಯಂತೆ ಆಡಿಸುವ ಶಕ್ತಿ ಯಾರಿಗಾದರೂ ದಕ್ಕಿದೆ ಎಂಬುದಕ್ಕೆ ಆಧಾರವಿಲ್ಲ. ಸರ್ವಶಕ್ತ ಸೂತ್ರಧಾರನನ್ನು ಕಲ್ಪಿಸಿಕೊಂಡವರು ಕಣ್ಣೆದುರಿನ ಹೊಣೆಗಾರರನ್ನು ಪ್ರಶ್ನಿಸುವುದನ್ನೇ ಬಿಡುತ್ತಾರೆ ಎಂಬುದು ಇದರ ದೊಡ್ಡ ನಷ್ಟ. ಜನರನ್ನು ಕೇವಲ ಅಜ್ಞಾನಿಗಳೆಂದು ಜರೆಯುವುದರಿಂದ ಶಂಕೆ ಕರಗುವುದಿಲ್ಲ. ಕಡತಗಳು ಉಳಿಯಬೇಕು, ಆಲ್ಗರಿದಮ್‌ಗಳು ಸ್ವತಂತ್ರ ಪರಿಶೀಲನೆಗೆ ತೆರೆದಿರಬೇಕು, ಒಪ್ಪಿಗೆಯಿಲ್ಲದ ಪ್ರಯೋಗಕ್ಕೆ ಕಾನೂನು ಉತ್ತರ ಕೇಳಬೇಕು. ಸಂಸ್ಥೆಗಳು ಪಾರದರ್ಶಕವಾದಷ್ಟೂ ಸಂಚಿನ ಕಥೆಗಳಿಗೆ ನೆಲೆ ಕಿರಿದಾಗುತ್ತದೆ.