ಖಾತೆ ನಿಮ್ಮದು, ಕಾರ್ಡು ಯಾರ ಜೇಬಲ್ಲಿದೆ?

ಮಾದಪ್ಪನ ಬೆಟ್ಟದ ಸೀಮೆಗೆ ಹೋದವರಿಗೆ ಹನೂರು ತಾಲ್ಲೂಕಿನ ರಾಮಾಪುರದ ಹೆಸರು ಗೊತ್ತಿರುತ್ತದೆ. 2023ರ ಆಗಸ್ಟ್‌ನಲ್ಲಿ ಶುರುವಾದ ‘ಗೃಹಲಕ್ಷ್ಮಿ’ಯ ತಿಂಗಳ 2,000 ರೂಪಾಯಿ ಅಲ್ಲಿನ ಯಜಮಾನಿಗೂ ಅವಳ ಖಾತೆಗೇ ಜಮಾ. ಸರ್ಕಾರಿ ಲೆಕ್ಕದಲ್ಲಿ ಇದು ಪ್ರಗತಿ. ಆದರೆ ಎಟಿಎಂ ಕಾರ್ಡು ಯಾರ ಹತ್ತಿರ ಇದೆ? ದುಡ್ಡು ಬಂದ ಮೆಸೇಜು ಯಾರ ಮೊಬೈಲಿಗೆ? ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ‘ಖಾತೆ ಇದೆಯೇ’ ಎಂದಷ್ಟೇ ಅಲ್ಲ, ‘ಅದನ್ನು ನೀವೇ ಬಳಸುತ್ತೀರಾ’ ಎಂದೂ ಕೇಳುತ್ತಾರೆ.

ಪೇಟೆಯ ನಮ್ಮದೇನು ಬೇರೆ ಕತೆಯೇ? ಎಫ್‌ಡಿ ನಮ್ಮ ಹೆಸರಿನಲ್ಲಿ, ಯಜಮಾನರು ತೋರಿಸಿದ ಕಡೆ ಸಹಿ, ಅಷ್ಟೇ! ಇವತ್ತೇ ಪಾಸ್‌ಬುಕ್ ತೆಗೆದು ನೋಡಿ. ದುಡ್ಡು ತೆಗೆದದ್ದು ಯಾರು, ಯಾತಕ್ಕೆ? ಖಾತೆಗೆ ನಿಮ್ಮದೇ ಮೊಬೈಲ್ ನಂಬರ್ ಜೋಡಿಸಿ, ಪಿನ್ ಬದಲಿಸಿ.

ಇನ್ನು ದುಡಿಮೆಯ ಲೆಕ್ಕ. ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು 2019ರಲ್ಲಿ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು, 2024ರಲ್ಲಿ 289. ಹತ್ತು ನಿಮಿಷ ಉಳಿಯಿತಲ್ಲ ಅಂತ ಖುಷಿಪಡಬೇಡಿ, ಮನೆಗೆಲಸ ಮಾಡುವ ಗಂಡಸರದ್ದೂ 97ರಿಂದ 88ಕ್ಕೆ ಇಳಿದಿದೆ! ಒಂದು ವಾರ ಅಡುಗೆಮನೆಯ ಕ್ಯಾಲೆಂಡರಿನಲ್ಲೇ ನಿಮ್ಮಿಬ್ಬರ ನಿಮಿಷ ಬರೆದಿಡಿ. ಭಾನುವಾರ ಕಾಫಿ ಹೊತ್ತಿಗೆ ಅದನ್ನು ಮನೆಯವರ ಮುಂದೆ ಇಡಿ.